ಬಚ್ಚಲುಮನೆ ಬಾಗಿಲಿಗೆ ವೆಲ್‌ಕಮ್

ಶಹಾಪುರದ ನೇಕಾರರ ಓಣಿಯಲ್ಲಿ ಸಂಗವ್ವನ ಮನೆಯನ್ನು ಯಾರೂ ಕೇಳಿಕೊಂಡು ಹೋಗಬೇಕಾಗಿರಲಿಲ್ಲ. ಆ ಮನೆಯ ತಲೆಬಾಗಿಲಿಗೆ ಕಟ್ಟಿದ್ದ ಗಾಜಿನ ಮಣಿತೋರಣದ ಹೊಳಪು ಅಂಥದು. ಅದರ ಮೇಲೆ ಬಿಸಿಲು ಬಿತ್ತೆಂದರೆ ಎದುರುಮನೆಯವರು ಲೈಟಿನ ಗುಂಡಿ ಮುಟ್ಟುತ್ತಿರಲಿಲ್ಲ. ತೋರಣದ ನಡುವೆ ಕೂತಿದ್ದ ಹೆಣ್ಣುಗಿಳಿಯನ್ನು ನೋಡಲು ಕಣಕುಂಬಿಯ ಅಡವಿಯಿಂದ ಖರೇ ಗಿಳಿಗಳು ಬಂಧುಬಳಗ ಕಟ್ಟಿಕೊಂಡು ಬಂದಿದ್ದವು ಎನ್ನುವವರಿದ್ದಾರೆ. ಒಮ್ಮೆ ಕಳ್ಳನೊಬ್ಬ ಬಂದವನು, ತಲೆಯ ಮೇಲಿನ ‘ವೆಲ್‌ಕಮ್’ ಓದಿ, ಇಷ್ಟು ಮರ್ಯಾದೆಯಿಂದ ಕರೆಯುವ ಮನೆಯಲ್ಲಿ ಹೇಗೆ ಕದಿಯಲಿ ಎಂದು ಬಾಜೂಮನೆಗೆ ಹೋದನಂತೆ. ಬಾಜೂಮನೆಯವರು ಮಾತ್ರ ಈ ಕಥೆಯನ್ನು ಒಪ್ಪುವುದಿಲ್ಲ.

ದೇಸೂರಿನಿಂದ ಸೊಸೆಯಾಗಿ ಬರುವಾಗ ಸಂಗವ್ವ ತಾನೇ ಪೋಣಿಸಿ ತಂದ ತೋರಣ ಅದು. ಕನ್ನಡ ಶಾಲೆಯನ್ನೇ ಅರ್ಧಕ್ಕೆ ಬಿಟ್ಟವಳು ಆಕೆ. ಇಂಗ್ಲಿಷಿನಲ್ಲಿ ಆಕೆಗೆ ಗೊತ್ತಿದ್ದದ್ದು ಆ ಒಂದು ಶಬ್ದ ಮಾತ್ರ. ಅದೂ ಅಕ್ಷರಗಳಾಗಿ ಅಲ್ಲ, ಮಣಿಗಳಾಗಿ. ಗಿಳಿಯ ಎಡಕ್ಕೆ ಡಬ್ಲ್ಯೂ, ಇ, ಎಲ್ ಹಾಕಿದ ಮೇಲೆ ಒಂದಿಷ್ಟು ಜಾಗ ಉಳಿದಿತ್ತು. ಅಲ್ಲಿ ಇನ್ನೊಂದು ಎಲ್ ಹಾಕಿದಳು. ಅಕ್ಷರವೇನು ಊಟ ಕೇಳುತ್ತದೆಯೇ? ಆಮೇಲೆ ಓಣಿಯ ಹೆಣ್ಣುಮಕ್ಕಳೆಲ್ಲ ಆಕೆಯದನ್ನೇ ನೋಡಿ ಪೋಣಿಸಿದರು. ಹೀಗಾಗಿ ಆ ಓಣಿಯ ಯಾವ ಬಾಗಿಲಲ್ಲಿ ತಲೆ ಎತ್ತಿದರೂ ಎಲ್ ಎರಡೇ.

ಆ ಮನೆತನದ್ದೊಂದು ರೀತಿ ಇತ್ತು. ಹೊಸ ಸೊಸೆ ತಂದ ತೋರಣ ತಲೆಬಾಗಿಲಿಗೆ. ಅತ್ತೆಯದು ಬಿಚ್ಚಿ ಒಳಬಾಗಿಲಿಗೆ. ಸಂಗವ್ವ ಬಂದಾಗ ಆಕೆಯ ಅತ್ತೆಯ ತೋರಣ ಅಡುಗೆಮನೆಗೆ ಹೋಗಿ, ಒಗ್ಗರಣೆಯ ಹೊಗೆ ಕುಡಿದು ಕುಡಿದು, ಅದರೊಳಗಿನ ನವಿಲುಗಳೆಲ್ಲ ಕಾಗೆಗಳಾಗಿದ್ದವು. ಅತ್ತೆ ಸಾಯುವತನಕ ಒಲೆಯ ಮುಂದೆ ಕೂತು ಆ ಕಾಗೆಗಳನ್ನು ನೋಡುತ್ತಿದ್ದಳು. ಆಗ ಸಂಗವ್ವನಿಗೆ ನಗು ಬರುತ್ತಿತ್ತು. ಮಗ ಓಂಕಾರನಿಗೆ ಖಾನಾಪುರದ ಹುಡುಗಿ ಗೊತ್ತಾದ ದಿನದಿಂದ ಆ ನಗು ನಿಂತಿತು.

ಹುಡುಗಿಯ ಹೆಸರು ಪದ್ಮಶ್ರೀ. ಖಾನಾಪುರದ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ಪುಸ್ತಕ ಹಿಡಿದ ಕೈಗೆ ಮಣಿಕೆಲಸ ಎಲ್ಲಿಯದು ಎಂಬ ಧೈರ್ಯದ ಮೇಲೆ ಸಂಗವ್ವ ರೈಲು ಹತ್ತಿ ಬೀಗರ ಮನೆಗೆ ಹೋದಳು. ಅವರ ಬಾಗಿಲಲ್ಲೇ ಆಕೆಯ ಕಾಲು ನಿಂತುಬಿಟ್ಟವು. ಮೇಲೆ ಹುಡುಗಿಯ ಕೈಯ ತೋರಣ. ಅದರ ಅಂಚಿನ ಮಲ್ಲಿಗೆಗೆ ಮೂಗು ಒಡ್ಡಿದರೆ ವಾಸನೆ ಬರುವಂತಿತ್ತು. ಸಂಗವ್ವ ಒಡ್ಡಿಯೂ ನೋಡಿದಳು. ತಪ್ಪು ಹುಡುಕುತ್ತ ಹುಡುಕುತ್ತ ಕಡೆಗೊಂದು ಸಿಕ್ಕಿತು.

“ಒಂದು ಎಲ್ ಬಿಟ್ಟೀ ಅಲ್ಲವಾ! ಮಣಿ ಸಾಲಲಿಲ್ಲೇನು?”

“ಇಲ್ರಿ ಅತ್ತಿ, ಅದಕ್ಕ ಎಲ್ ಒಂದ,” ಎಂದಳು ಪದ್ಮಶ್ರೀ ನಗುತ್ತ. “ಅದು ಪೂರಾ ಒಂದ ಶಬ್ದರಿ. ನಡುವ ಜಾಗಾನೂ ಬಿಡೂದಿಲ್ಲ.”

“ನಮ್ಮ ಇಡೀ ಓಣಿ ಎರಡು ಹಾಕತೈತಿ!”

“ನಿಮ್ಮದು ದೊಡ್ಡ ಊರು ಬೀಗತಿ,” ಎಂದಳು ಹುಡುಗಿಯ ತಾಯಿ ಶಿವಬಸವ್ವ, ಚಹಾದ ಬಟ್ಟಲು ಮುಂದಿಡುತ್ತ. “ನಿಮಗ ಎರಡು ಬೇಕಾಗತಾವು. ನಮ್ಮ ಸಣ್ಣ ಊರಿಗೆ ಒಂದು ರಗಡ.”

ಕಲಿಸುವವರಿಗೆ ಕೇಳುವವರು ಸಿಕ್ಕರೆ ಬಾಯಿ ನಿಲ್ಲುವುದಿಲ್ಲ. ಪದ್ಮಶ್ರೀ ಅರ್ಥವನ್ನೂ ಬಿಡಿಸಿಟ್ಟಳು. “ಬಾಗಲದಾಗ ಅಂದ್ರ ಬರ್ರಿ ಅಂತರಿ. ಯಾರರ ಥ್ಯಾಂಕ್ಸ್ ಅಂದಾಗ ಅಂದ್ರ, ಇರ್ಲಿ ಬಿಡ್ರಿ, ಅದರಾಗೇನು ಅಂತ. ಇನ್ನ, ಇಂಥಾವ್ರು ನಮಗ ವೆಲ್‌ಕಮ್ ಅಂದ್ರ, ಅವರು ಬಂದ್ರ ನಮಗ ಸಂತೋಷ ಅಂತರಿ.”

ಸಂಗವ್ವನ ಚಹಾ ಆರಿಹೋಯಿತು. ತಾನು ಇಷ್ಟು ವರ್ಷ ತಲೆಯ ಮೇಲೆ ತೂಗುಹಾಕಿಕೊಂಡ ಶಬ್ದದ ಹೊಟ್ಟೆಯೊಳಗೆ ಇಷ್ಟೆಲ್ಲ ಇದ್ದದ್ದನ್ನು ಈ ನಿನ್ನೆ ಮೊನ್ನೆಯ ಹುಡುಗಿ ಹೇಳಬೇಕೆ! ತಿರುಗಿ ಬರುವಾಗ ತವರೂರು ದೇಸೂರಿನಲ್ಲಿ ರೈಲು ನಿಂತು ಹೊರಟದ್ದೂ ಆಕೆಗೆ ತಿಳಿಯಲಿಲ್ಲ. ಆಕೆ ಕೂತ ಡಬ್ಬಿಯ ಕಿಟಕಿಗಳೆಲ್ಲ ಬಿಸಿಯಾಗಿದ್ದವಂತೆ.

ಇನ್ನು ಉಳಿದದ್ದು ನೂಲಿನ ಕೆಲಸ. ಮದುವೆ ಗೊತ್ತಾದ ಮೇಲೆ ಗಂಡಿನ ತಾಯಿ ತಲೆಬಾಗಿಲ ಅಗಲಕ್ಕೆ ನೂಲು ಹಿಡಿದು, ಗಂಟು ಹಾಕಿ, ಅರಿಶಿಣ ಹಚ್ಚಿ ಹೆಣ್ಣಿನ ಮನೆಗೆ ಕಳಿಸಬೇಕು. ಸೊಸೆ ಆ ಅಳತೆಗೆ ತೋರಣ ಪೋಣಿಸಬೇಕು. ಗಂಡ ದುಂಡಪ್ಪ ಮಗ್ಗದ ಮುಂದಿದ್ದ ಹೊತ್ತು ನೋಡಿ ಸಂಗವ್ವ ನೂಲು ತೆಗೆದುಕೊಂಡು ತಲೆಬಾಗಿಲಿಗೆ ಬಂದಳು. ತನ್ನ ಗಿಳಿಯನ್ನು ನೋಡಿದಳು. ಅಡುಗೆಮನೆಯ ಕಡೆ ನೋಡಿದಳು. ಆಮೇಲೆ ನೆಟ್ಟಗೆ ಹಿತ್ತಲಿಗೆ ಹೋಗಿ, ಬಚ್ಚಲುಮನೆಯ ಬಾಗಿಲಿಗೆ ನೂಲು ಹಿಡಿದು, ಗಂಟು ಹಾಕಿದಳು.

ಮದುವೆಯಾಗಿ ಪದ್ಮಶ್ರೀ ಮನೆ ತುಂಬಿದ ದಿನ ಓಣಿಯೇ ಬಂದು ನಿಂತಿತ್ತು. ದುಂಡಪ್ಪ ಸ್ಟೂಲ್ ಹತ್ತಿ ಹಳೆಯದರ ಮೇಲೆಯೇ ಹೊಸ ತೋರಣವನ್ನು ಹಿಡಿದ. ಅರ್ಧ ಬಾಗಿಲಿಗೇ ಮುಗಿದುಹೋಯಿತು. ಪೈಲವಾನನಿಗೆ ಕೂಸಿನ ಕುಲಾಯಿ ಹಾಕಿದಂತೆ!

“ಸಣ್ಣದಾತಲ್ಲೋ ಇದು,” ಎಂದ ದುಂಡಪ್ಪ.

“ಅಯ್ಯ, ಸಣ್ಣದಾತಲ್ಲವಾ!” ಸಂಗವ್ವನ ದನಿಯಲ್ಲಿದ್ದ ಸಂಕಟಕ್ಕೆ ನಾಟಕದ ಕಂಪನಿಯಲ್ಲಾಗಿದ್ದರೆ ಬಹುಮಾನ ಬರುತ್ತಿತ್ತು. “ಇರ್ಲಿ, ನಂದ ಇಲ್ಲಿರ್ಲಿ. ಇದು ಒಳಗ ಯಾವ ಬಾಗಲಕ್ಕ ಕೂಡತೈತಿ ನೋಡೂಣು.”

ದೇವರಮನೆಗೆ ಹಿಡಿದರು, ಸಾಲಲಿಲ್ಲ. ಅಡುಗೆಮನೆಗೂ ಇಲ್ಲ. ಬಚ್ಚಲುಮನೆಗೆ ಹಿಡಿದರೆ, ಆ ಬಾಗಿಲಿನ ಜೊತೆಗೇ ಹುಟ್ಟಿದಂತೆ ಕೂತಿತು. ಪದ್ಮಶ್ರೀ ಬಾಗಿಲನ್ನು ನೋಡಿದಳು, ಅತ್ತೆಯನ್ನು ನೋಡಿದಳು. “ಇಲ್ಲೇ ಛಂದ ಕಾಣತೈತಿ ಬಿಡ್ರಿ ಅತ್ತಿ,” ಎಂದಳು.

ಸಂಗವ್ವ ಗೆದ್ದಳು. ಗೆಲುವು ಸಂಜೆಯವರೆಗೂ ಬಾಳಲಿಲ್ಲ.

ಕಾಲು ತೊಳೆಯಲು ಹೋದ ಬಾಜೂಮನೆಯ ಪೂರ್ಣಿಮಾ ಹೊರಗೆ ಬರಲೇ ಇಲ್ಲ. ಕರೆಯಲು ಹೋದವಳೂ ಬರಲಿಲ್ಲ. ಇಬ್ಬರೂ ತಲೆ ಎತ್ತಿ ತೋರಣ ನೋಡುತ್ತ ನಿಂತಿದ್ದರು. ಮರುದಿನದಿಂದ ಓಣಿಗೆ ಕಾಲು ತೊಳೆಯುವ ಹುಚ್ಚು ಹಿಡಿಯಿತು. ಸಕ್ಕರೆ ಕೇಳಲು ಬಂದವರು, ಪತ್ರಿಕೆ ಕೊಡಲು ಬಂದವರು, ಎಲ್ಲರ ಕಾಲೂ ಒಮ್ಮೆಲೇ ಹೊಲಸಾದವು. ಊರಿನ ನಲ್ಲಿಗಳಿಗೆ ಬರುವ ರಕ್ಕಸಕೊಪ್ಪದ ಕೆರೆಯ ನೀರು ಒಂದು ಮೊಳ ಇಳಿದದ್ದು ಮಳೆ ಕಡಿಮೆಯಾಗಿ ಅಲ್ಲ, ಸಂಗವ್ವನ ಬಚ್ಚಲಿನಿಂದ ಎಂದು ದುಂಡಪ್ಪ ಇಂದಿಗೂ ಆಣೆ ಮಾಡುತ್ತಾನೆ. ಹೆಣ್ಣುಮಕ್ಕಳು ಮೊಬೈಲ್ ಹಿಡಿದು ಫೋಟೋ ತೆಗೆಯುವರು. ಸ್ನಾನಕ್ಕೆ ಹೋದ ಓಂಕಾರ ಒಳಗೇ ತಾಸುಗಟ್ಟಲೆ ಸಿಕ್ಕಿಹಾಕಿಕೊಳ್ಳುವನು.

ಅದನ್ನೂ ಸಂಗವ್ವ ನುಂಗಿಕೊಳ್ಳುತ್ತಿದ್ದಳೇನೋ. ಒಂದು ದಿನ ನೋಡುತ್ತಾಳೆ, ಪೂರ್ಣಿಮಾ ಕಟ್ಟೆಯ ಮೇಲೆ ಕೂತು ತನ್ನ ತೋರಣದ ಒಂದು ಎಲ್ ಬಿಚ್ಚುತ್ತಿದ್ದಾಳೆ.

“ಏನ ಮಾಡಾಕತ್ತೀಯ?”

“ನಿಮ್ಮ ಸೊಸಿ ಹೇಳ್ಯಾಳರಿ ಕಾಕೂ, ಇದು ಜಾಸ್ತಿ ಐತಂತ.”

ವಾರದೊಳಗೆ ಓಣಿಯ ಬಾಗಿಲುಗಳಿಂದ ಎಲ್‌ಗಳು ಮಾಗಿದ ನೇರಳೆಹಣ್ಣಿನ ಹಾಗೆ ಉದುರಿದವು. ಸಂಗವ್ವ ತನ್ನ ಗಿಳಿಯ ಕೆಳಗೇ ಕುರ್ಚಿ ಹಾಕಿಕೊಂಡು ಕೂತಳು. ಬಂದವರು “ಆರಾಮೇನ್ರಿ?” ಎನ್ನುವರು, ತಲೆ ಎತ್ತದೆ ಹಿತ್ತಲಿಗೆ ನಡೆಯುವರು. ತಲೆಬಾಗಿಲು ಬಚ್ಚಲಿಗೆ ಹೋಗುವ ಹಾದಿಯಾಗಿಬಿಟ್ಟಿತ್ತು.

ಒಂದು ಮಧ್ಯಾಹ್ನ ಪದ್ಮಶ್ರೀ ಖಾನಾಪುರದ ಶಾಲೆ ಮುಗಿಸಿ ರೈಲಿನಲ್ಲಿ ತಿರುಗಿ ಬಂದಾಗ ಅತ್ತೆ ಬಚ್ಚಲುಮನೆಯ ಮುಂದೆ ನಿಂತಿದ್ದಳು.

“ನೀರು ಕಾಸ್ಲೇನ್ರಿ ಅತ್ತಿ?”

“ನೀರೇನೂ ಬ್ಯಾಡ. ಇದನ್ನ ಬಿಚ್ಚು. ತಲಬಾಗಲಕ್ಕ ಕಟ್ಟೂಣು.”

“ಅಲ್ಲಿ ಕೂಡೂದಿಲ್ಲಲ್ರಿ. ನೂಲು ಇಷ್ಟ ಇತ್ತು.”

“ನೂಲು ಬಂದಾಗ ನಿನಗ ಗೊತ್ತಾಗಿತ್ತೇನ?”

“ಮನಿ ನೋಡಾಕ ಬಂದಾಗ ನಾವು ಮೂರು ಮಂದಿ ಬಾಜೂಬಾಜೂಕ ಆ ಬಾಗಲದಾಗ ಹಾದು ಬಂದಿದ್ವಿ. ಈ ನೂಲಿನ ಬಾಗಲದಾಗ ನಮ್ಮವ್ವ ಒಬ್ಬಾಕಿನೂ ಹಾಯೂದಿಲ್ರಿ. ಇಷ್ಟ ಸಣ್ಣ ಬಾಗಲ ಅಂದ್ರ ಬಚ್ಚಲದ್ದ ಅಂತ ತಿಳೀತು.”

“ಮತ್ತ ಯಾಕ ಹಾಂಗ ಪೋಣಸಿದಿ? ಒಂದು ಫೋನ್ ಮಾಡಾಕ ಏನಾಗಿತ್ತು?”

“ಹಿರ್ಯಾರು ಅರಿಶಿಣ ಹಚ್ಚಿ ಕಳಿಸಿದ್ದು. ತಪ್ಪೈತಿ ಅಂತ ಹೆಂಗ ಅನ್ನಲಿ? ಅದಕ್ಕ, ಬಚ್ಚಲಕ್ಕಾದ್ರೂ ಛಂದ ಆಗ್ಲಿ ಅಂತ ಒಂದೀಟು ಜಾಸ್ತಿ ಮನಸ್ಸಿಟ್ಟ ಪೋಣಸಿದೆ.”

ಈ ಒಂದೀಟು ಜಾಸ್ತಿ ಮನಸ್ಸೇ ತನ್ನನ್ನು ಮುಳುಗಿಸಿದ್ದು ಎಂದು ಸಂಗವ್ವನಿಗೆ ತಿಳಿಯಿತು. ಬೈಯಲು ಬಾಯಿ ತೆರೆದಳು. ಬೈಗುಳ ತನ್ನ ಕಡೆಗೇ ತಿರುಗಿ ನಿಂತಿತ್ತು.

“ತಗೊಂಬಾ ಇಲ್ಲಿ,” ಎಂದಳು. “ಎರಡೂ ಬಾಜು ನಾ ಕೂಡಸ್ತೇನಿ. ಆದ್ರ ನಂದು ದೇವರಮನೀಗೆ. ಅಡಗಿಮನಿ ಮಾತು ತಗದ್ರ ನೋಡು ಮತ್ತ!”

ಖಡೇಬಜಾರಿನಲ್ಲಿ ಆ ವಾರ ಬೂದುಬಣ್ಣದ ಮಣಿಗೆ ಬರ ಬಿತ್ತು. ಸಂಗವ್ವ ಸೊಸೆಯ ತೋರಣದ ಎಡಕ್ಕೊಂದು, ಬಲಕ್ಕೊಂದು ಆನೆ ಪೋಣಿಸಿದಳು. ಎಂಥ ಆನೆ! ನಡುವಿನ ಅಕ್ಷರಗಳು ಅವುಗಳ ಕಾಲಬುಡದ ಗರಿಕೆಯಂತೆ ಕಂಡವು. ತೋರಣ ತಲೆಬಾಗಿಲಿಗೆ ಏರಿದಾಗ ಚೌಕಟ್ಟು ಕಿರ್ರೆಂದಿತು. ದುಂಡಪ್ಪ ಅಂದಿನಿಂದ ತಲೆ ಬಗ್ಗಿಸಿಯೇ ಒಳಗೆ ಬರುತ್ತಾನೆ.

“ಬಾಳ ಛಂದ ಆಗೇತ್ರಿ ಅತ್ತಿ,” ಎಂದಳು ಪದ್ಮಶ್ರೀ, ಖರೇ ಮನಸ್ಸಿನಿಂದ.

ಸಂಗವ್ವ ಕುರ್ಚಿ ಎತ್ತಿಕೊಂಡು ಓಣಿ ದಾಟಿ ಎದುರುಮನೆಯ ಕಟ್ಟೆಗೆ ಹೋಗಿ ಕೂತಳು. ಈಗಲೂ ದಿನಾ ಸಂಜೆ ಅಲ್ಲೇ ಕೂರುತ್ತಾಳೆ. ಹೋಗಿಬರುವವರ ಕಣ್ಣು ಮೊದಲು ಆನೆಯ ಮೇಲೆ ಬೀಳುತ್ತದೋ ಅಕ್ಷರದ ಮೇಲೋ ಎಂದು ನೋಡುತ್ತಾಳೆ. ಅಕ್ಷರದ ಮೇಲೆ ಬಿದ್ದವರಿಗೆ ಆ ದಿನ ಆಕೆಯ ಮನೆಯಲ್ಲಿ ಚಹಾ ಇಲ್ಲ.