ಮೊಸರಾಗದ ಹಾಲು

ನಾನು ಚಿಕ್ಕವಳಿದ್ದಾಗ, ತೊಂಬತ್ತರ ದಶಕದಲ್ಲಿ, ಕುಂಬಾರಕೊಪ್ಪಲಿನ ನಮ್ಮ ಮನೆಯಲ್ಲಿ ಎರಡು ಹಸುಗಳಿದ್ದವು. ಕಾಯಿಲೆ ಬಿದ್ದದ್ದು ಕಪ್ಪು ಹಸುವೆಂದು ನನ್ನ ನೆನಪು. ಕಂದು ಹಸುವೆಂದು ಅಕ್ಕ ಹೇಳುತ್ತಾಳೆ. ಅವಳದೇ ಸರಿಯಿರಬಹುದು. ಆದರೆ ಚಿಕ್ಕಪ್ಪನ ಮೇಲಿನ ನನ್ನ ಸಿಟ್ಟಿಗೆ ಮರೆವು ತಟ್ಟಿಲ್ಲ.

ಹಸುವಿಗೆ ಕೆಚ್ಚಲು ಬಾವು. ಒಂದು ಮೊಲೆ ಊದಿ ಕಲ್ಲಾಗಿತ್ತು, ಮುಟ್ಟಿದರೆ ಸುಡುತ್ತಿತ್ತು. ದನದ ಡಾಕ್ಟರು ಬಿಡಿಸಿ ಹೇಳಿದರು: ಇಂಜೆಕ್ಷನ್ ಕೊಡದಿದ್ದರೆ ಕೆಚ್ಚಲು ಉಳಿಯುವುದಿಲ್ಲ, ಕೊಟ್ಟರೆ ಔಷಧಿ ಹಾಲಿಗೆ ಇಳಿಯುತ್ತದೆ, ಚೆನ್ನಾಗಿರುವ ಮೊಲೆಗಳ ಹಾಲಿಗೂ. ಕುಡಿದ ಕೆಲವರಿಗೆ ಮೈಮೇಲೆ ಗಂದೆ ಏಳಬಹುದು. ತಾವು ಹೇಳುವವರೆಗೆ ಆ ಹಾಲನ್ನು ಚೆಲ್ಲಬೇಕು. ಅಪ್ಪ ಹಸುವಿನ ಬೆನ್ನು ಸವರುತ್ತಾ ಬಹಳ ಹೊತ್ತು ಯೋಚಿಸಿ, ಕೊಡಿ ಎಂದರು. ಸೈಕಲ್ಲಿನಲ್ಲಿ ಮನೆ ಮನೆಗೆ ಹಾಲು ಹಾಕುತ್ತಿದ್ದ ಚಿಕ್ಕಪ್ಪ ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅದನ್ನು ಹಿತ್ತಿಲ ಮೋರಿಗೆ ಚೆಲ್ಲುವ ಕೆಲಸವನ್ನು ಅಪ್ಪ ಅವರಿಗೇ ವಹಿಸಿದರು.

ಒಂದು ಬೆಳಿಗ್ಗೆ ಎದುರುಮನೆಯಾಕೆ ಪಾತ್ರೆ ಹಿಡಿದು ಬಂದರು. ಹಿಂದೆ ಬೀದಿಯ ಇನ್ನೂ ಕೆಲವು ಹೆಂಗಸರು.

“ಹಾಲಿಗೆ ಏನ್ ಬೆರೆಸ್ಬುಟ್ರಿ? ಮೂರ್ ದಿನದಿಂದ ರಾತ್ರಿ ಹೆಪ್ಪು ಹಾಕಿದ್ದು ಹಾಗೇ ನಿಂತದೆ.”

ಅಪ್ಪ ಚಿಕ್ಕಪ್ಪನ ಮುಖ ನೋಡಿದರು.

“ಹಾಲು ಕರೆಯೋನು ಅಣ್ಣ. ನಾನು ಬರೀ ಸೈಕಲ್ ತುಳಿಯೋನು.”

ಬೀದಿಯೆದುರು ಅಪ್ಪ ತಲೆ ತಗ್ಗಿಸಿದರು.

ರೋಗವನ್ನು ಕೊಲ್ಲುವ ಔಷಧಿ ಹೆಪ್ಪನ್ನೂ ಕೊಲ್ಲುತ್ತದೆ. ಇದು ಚಿಕ್ಕಪ್ಪನಿಗೆ ಹೊಳೆದಿರಲಿಲ್ಲ, ಅಕ್ಕನಿಗೆ ಹೊಳೆಯಿತು. ಆ ಸಂಜೆ ಎರಡೂ ಹಸುಗಳ ಹಾಲನ್ನು ಬೇರೆ ಬೇರೆ ಕಾಯಿಸಿ, ಎರಡು ಲೋಟಕ್ಕೂ ಒಂದೇ ಹೆಪ್ಪು ಬಿಟ್ಟಳು. ಬೆಳಿಗ್ಗೆ ಅದೇ ಹೆಂಗಸರನ್ನು ಜಗಲಿಗೆ ಕರೆದಳು. ಒಂದು ಲೋಟ ವಾಲಿಸಿದರೂ ಮೊಸರು ಅಲುಗಲಿಲ್ಲ. ಕಾಯಿಲೆ ಹಸುವಿನ ಲೋಟದಲ್ಲಿ ಹಾಲು ತುಳುಕಿತು. ಅದನ್ನು ಚಿಕ್ಕಪ್ಪನ ಮುಂದೆ ಹಿಡಿದಳು.

“ಕುಡ್ದ್ಬುಡಿ ಚಿಕ್ಕಪ್ಪ. ಇವ್ರ ಮಕ್ಳಿಗೆ ಹಾಕಿದ್ದು ಇದೇ ಅಲ್ವಾ?”

ಚಿಕ್ಕಪ್ಪ ಲೋಟ ಮುಟ್ಟಲಿಲ್ಲ. ಹೆಂಗಸರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ನನಗೆ ಹೊಟ್ಟೆ ತಣ್ಣಗಾಯಿತು, ಆದರೆ ಸಾಲದಾಯಿತು. ಅಂದಿನಿಂದ ಪಕ್ಕದಲ್ಲೇ ಇದ್ದ ಚಿಕ್ಕಪ್ಪನ ಮನೆಗೆ ನಾವು ಹೆಪ್ಪು ಕೊಡಲಿಲ್ಲ. ಬಟ್ಟಲು ಹಿಡಿದು ಬಂದ ಚಿಕ್ಕಮ್ಮನಿಗೆ ಇಲ್ಲವೆನ್ನುವ ಕೆಲಸವನ್ನು ನಾನೇ ಕೇಳಿ ಪಡೆದಿದ್ದೆ. ಇಂದು ಬಂದರೂ ಇಲ್ಲವೆನ್ನುತ್ತೇನೆ.

ನನ್ನನ್ನು ಚಿಕ್ಕಜ್ಜಿ ಎನ್ನುವ ಅಕ್ಕನ ಮೊಮ್ಮಕ್ಕಳೇ, ದಟ್ಟಗಳ್ಳಿಯ ನಿಮ್ಮ ಮನೆಗೆ ಹಾಲೂ ಮೊಸರೂ ಪ್ಯಾಕೆಟ್ಟಿನಲ್ಲಿ ಬರುತ್ತವೆ. ಅದರಲ್ಲಿ ಮೋಸವಾದರೆ ನೀವು ಯಾರ ಮುಂದೆ ಲೋಟ ಹಿಡಿಯುತ್ತೀರಿ? ನನಗೆ ಸಿಟ್ಟಾಗಲು ಒಂದು ಮುಖವಿತ್ತು. ಅದು ಸರಿಯಾದ ಮುಖವೇ ಎಂಬ ಅನುಮಾನ ಈಚೆಗೆ ಹುಟ್ಟಿದೆ. ಅಷ್ಟು ದಿನ ನಮ್ಮ ಹಿತ್ತಿಲ ಮೋರಿಯಲ್ಲಿ ಹಾಲು ಹರಿಯಲೇ ಇಲ್ಲವೆಂಬುದು ಅಪ್ಪನ ಕಣ್ಣಿಗೆ ಬೀಳಲಿಲ್ಲವೇ?