ಬರಿಹೊಟ್ಟೆಯಲ್ಲಿ ಎರಡು ಸಲ

ನನ್ನ ವಾರಗಿತ್ತಿಯ ಬಲಗೈ ಹೆಬ್ಬೆರಳು ಮತ್ತು ತೋರುಬೆರಳು ವರ್ಷದಲ್ಲಿ ನಾಲ್ಕು ತಿಂಗಳು ಕಪ್ಪಗಿರುತ್ತಿದ್ದವು. ಹಸಿ ಹೊಗೆಸೊಪ್ಪಿನ ಅಂಟು. ಹುಣಸೆಹಣ್ಣು ಹಾಕಿ ತಿಕ್ಕಿದರೂ, ಬೂದಿ ಹಾಕಿ ಉಜ್ಜಿದರೂ ಉಗುರಿನ ಬುಡದಲ್ಲಿ ಒಂದು ಗೆರೆ ಉಳಿದೇ ಇರುತ್ತಿತ್ತು. ಆ ಬೆರಳುಗಳು ಸುಮ್ಮನಿದ್ದುದನ್ನು ನಾನು ನೋಡಿಲ್ಲ. ಸೊಪ್ಪು ಕಟ್ಟುವ ಕಾಲ ಮುಗಿದ ಮೇಲೂ, ಬಸ್ಸಿಗೆ ಕಾಯುವಾಗ, ಮದುವೆಮನೆಯಲ್ಲಿ ಊಟದ ಎಲೆ ಹಾಕುವ ತನಕ, ಅವಳು ಸೆರಗಿನ ತುದಿಯನ್ನು ಗಂಟು ಹಾಕುತ್ತಾ ಬಿಚ್ಚುತ್ತಾ ಕೂತಿರುತ್ತಿದ್ದಳು.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ಮದುವೆಯಾಗಿ ಹುಣಸೂರು ತಾಲ್ಲೂಕಿನ ಗುರುಪುರದ ಕಡೆಯ ಈ ಹಳ್ಳಿಗೆ ಬಂದ ಹೊಸದರಲ್ಲಿ 'ನೀವು' ಎಂದೇ ಮಾತಾಡುತ್ತಿದ್ದೆ. ನನ್ನ ಮೊದಲ ಬಾಣಂತನದಲ್ಲಿ ಎರಡು ತಿಂಗಳು ಅವಳೇ ಎಣ್ಣೆ ತಿಕ್ಕಿ ನೀರು ಹಾಕಿದಳು. ಆಮೇಲೆ ಯಾವಾಗ 'ನೀನು' ಆಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ. ಎರಡು ಸಂಸಾರಕ್ಕೂ ಒಂದೇ ಒಲೆ ಇತ್ತು. ಅವಳು ಮುದ್ದೆ ತಿರುವಿದರೆ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ನನ್ನ ಸಾರಿನಲ್ಲಿ ಉಪ್ಪು ಕಡಿಮೆ ಎಂದು ಹದಿನೇಳು ವರ್ಷ ದಿನಾ ಹೇಳಿದಳು.

ಅವಳು ಮುದ್ದೆ ನುಂಗುವುದನ್ನು ನೋಡಬೇಕಿತ್ತು. ತುತ್ತು ಬಾಯಿಗೆ ಹೋದದ್ದು ಕಾಣುತ್ತಿತ್ತು, ಮುಂದಿನದೇನೂ ಕಾಣುತ್ತಿರಲಿಲ್ಲ. ಅಂಥವಳು ಒಂದು ವರ್ಷ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿಯತೊಡಗಿದಳು. ಕೇಳಿದರೆ "ಸೆಕೆಗೆ ತಂಪು ಕಣೆ" ಎಂದಳು. ಆಗ ಜಡಿಮಳೆಯ ಕಾಲ. ನಾನು ಭಾವನಿಗೆ ಹೇಳಿದೆ. ಅವರು ಹುಣಸೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಆ ಡಾಕ್ಟರು ಹೊಟ್ಟೆ ಒತ್ತಿ, ಗಂಟಲು ನೋಡಿ, ಮೈಸೂರಿನ ಒಂದು ಆಸ್ಪತ್ರೆಗೆ ಚೀಟಿ ಬರೆದರು. ಬಾಯಿಂದ ಸಣ್ಣ ಪೈಪು ಇಳಿಸಿ ಒಳಗೆ ನೋಡುತ್ತಾರೆ, ಎಂಡೋಸ್ಕೋಪಿ ಅಂತ ಅದರ ಹೆಸರು, ಹತ್ತು ನಿಮಿಷದ ಕೆಲಸ ಎಂದರು. ದಿನ ಸಿಕ್ಕಿದ್ದು ಹತ್ತು ದಿನ ಬಿಟ್ಟು.

ಆ ಹತ್ತು ದಿನ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಅಕ್ಕ ಗುಡಿಸಿದ ಅಂಗಳವನ್ನೇ ಗುಡಿಸುತ್ತಿದ್ದಳು. ಕಲ್ಲು ಆರಿಸಿಟ್ಟ ಅಕ್ಕಿಯನ್ನು ಮತ್ತೆ ಮೊರಕ್ಕೆ ಸುರಿದುಕೊಳ್ಳುತ್ತಿದ್ದಳು. ಚಪ್ಪರದಲ್ಲಿ ಎಲ್ಲರೂ ಕೂತು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವಾಗ ಅವಳೊಬ್ಬಳೇ ಇಬ್ಬರ ಪಾಲು ಕಟ್ಟಿ ಎದ್ದು, ಹಿತ್ತಲಿಗೆ ಹೋಗಿ ಏನೂ ಮಾಡದೆ ವಾಪಸು ಬರುತ್ತಿದ್ದಳು. ಭಾವ, "ಈ ಸಲ ನಿಮ್ಮಕ್ಕಂಗೆ ಉಮೇದು ಬಂದದೆ" ಎಂದು ಖುಷಿಪಟ್ಟರು. ಗಂಡಸರಿಗೆ ಅಷ್ಟೇ ಕಂಡಿತು.

ಸೊಪ್ಪು ಕಟ್ಟಲು ಬರುತ್ತಿದ್ದವರಲ್ಲಿ ಮೂಲೆಮನೆಯ ಮುದುಕಿಯೊಬ್ಬರಿದ್ದರು. ಊರಿಗೆಲ್ಲ ಅವರು ಅತ್ತೆ.

"ನನ್ ತಮ್ಮನ್ ಬೀಗ್ರಿಗೆ ಇಳ್ಸಿದ್ರು ಕಣವ್ವ ಆ ಪೈಪ" ಎಂದರು ಅತ್ತೆ. "ತ್ವಾಟಕ್ಕೆ ನೀರ್ ಬುಡ್ತಾರಲ್ಲ, ಅಂತಾದ್ದು."

"ಅಂಗಾರೆ ಮೋಟ್ರೂ ಆಕ್ತಾರಾ ಅತ್ತೆ?" ಎಂದಳು ಅಕ್ಕ.

"ನಗಬ್ಯಾಡ ಕಣೆ. ವಾರಗಂಟ ಮಾತೇ ಆಡ್ನಿಲ್ಲ ಆವಯ್ಯ."

"ನಿಮ್ಗೂ ಒಂದ್ಸಲ ಇಳ್ಸುದ್ರೆ ಊರ್ಗೆ ಒಳ್ಳೇದಾಯ್ತದೆ ಬುಡಿ."

ಚಪ್ಪರವೆಲ್ಲ ನಕ್ಕಿತು, ಅತ್ತೆಯೂ ನಕ್ಕರು. ಮಾರನೆಯ ದಿನ ಹಿತ್ತಲ ಪರಂಗಿ ಮರದ ಕೆಳಗೆ ಅಕ್ಕ ಬಗ್ಗಿ ನಿಂತಿದ್ದುದನ್ನು ಕಂಡೆ. ಕೈಯಲ್ಲಿ ಪರಂಗಿ ಎಲೆಯ ಉದ್ದನೆಯ ದಂಟು. ತೊಳೆದಿದ್ದಳು, ತುದಿಗೆ ಎಣ್ಣೆಯನ್ನೂ ಸವರಿದ್ದಳು. ಕಣ್ಣು ಮೂಗಿನಲ್ಲೆಲ್ಲ ನೀರು.

"ಏನಕ್ಕ ಇದು!"

"ಅಬ್ಯಾಸ ಮಾಡ್ತಿವ್ನಿ ಕಣೆ" ಎಂದಳು ಕೆಮ್ಮುತ್ತಾ. "ನಾಲ್ಗೆ ದಾಟಿದ್ರೆ ಸಾಕು, ಆಮೇಲೆ ಸಲೀಸು ಅನ್ನುಸ್ತದೆ. ನೆನ್ನೆಗಿಂತ ಇವತ್ತು ಎರಡ್ ಬೆರ್ಳು ಜಾಸ್ತಿ ಇಳೀತು."

ದಂಟು ಕಿತ್ತುಕೊಂಡು ಎಸೆದೆ. ಅವಳು ಬೈದಳು. ಆಮೇಲೆ ಇಬ್ಬರೂ ಅಲ್ಲೇ ಕೂತು ನಕ್ಕೆವು. ಮಧ್ಯದಲ್ಲಿ ಅವಳ ನಗು ನಿಂತುಹೋಯಿತು, ನನ್ನದು ಇನ್ನೂ ನಡೆಯುತ್ತಿತ್ತು.

ಆ ದಿನ ಬಂದಾಗ ಸೊಪ್ಪು ಬೇಯಿಸುವ ಮನೆಗೆ, ಬ್ಯಾರನ್ನಿಗೆ, ಬೆಂಕಿ ಹಾಕಿದ್ದರು. ಸೊಪ್ಪು ಬೇಯುವ ಐದಾರು ದಿನ ಗಂಡಸರು ಅದನ್ನು ಬಿಟ್ಟು ಕದಲುವಂತಿಲ್ಲ. ಹಾಗಾಗಿ ನಾನೇ ಜೊತೆಗೆ ಹೋದೆ. ಹಿಂದಿನ ಸಂಜೆಯಿಂದ ಏನೂ ತಿನ್ನಬಾರದು, ಬರಿಹೊಟ್ಟೆಯಲ್ಲಿ ಬರಬೇಕು ಎಂದು ಚೀಟಿ ಕೊಟ್ಟವರು ಹೇಳಿದ್ದರು. ಅಕ್ಕ ಒಂದು ಅಗುಳು ಮುಟ್ಟಿರಲಿಲ್ಲ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಉದ್ದದ ಬೆಂಚು. ನಮಗಿಂತ ಮುಂದೆ ಏಳು ಜನ. ಒಬ್ಬೊಬ್ಬರು ಒಳಗೆ ಹೋದಾಗಲೂ ಬಾಗಿಲ ಹಿಂದಿನಿಂದ ಓಕರಿಸುವ ಸದ್ದು ಕೇಳುತ್ತಿತ್ತು. ಅಕ್ಕನ ಮಂಡಿ ಕುಣಿಯತೊಡಗಿತು, ಬೆಂಚೇ ಅದುರುತ್ತಿತ್ತು. ಎದ್ದು ಕಿಟಕಿಯ ಹತ್ತಿರ ಹೋಗುವಳು, ಬಂದು ಕೂರುವಳು, ಮತ್ತೆ ಏಳುವಳು. "ಬಾಯೆಲ್ಲ ಒಣ್ಗೋಯ್ತದೆ ಕಣೆ. ಎದೆ ಡವಡವ ಅಂತದೆ. ವೊಂಟೋಗುವಾ?" ಎಂದಳು.

ನನಗೆ ನೋಡಲಾಗಲಿಲ್ಲ. ಸೊಂಟದಲ್ಲಿ ಎಲಡಿಕೆ ಚೀಲ ಇತ್ತು. ನಮ್ಮ ಮನೆಯಲ್ಲಿ ಶನಿವಾರ ಒಪ್ಪತ್ತು ಮಾಡುತ್ತೇವೆ. ಆವತ್ತು ಸಂಜೆಯ ತನಕ ಒಂದು ಕಾಳು ಬಾಯಿಗೆ ಹಾಕುವುದಿಲ್ಲ. ಆದರೆ ಎಲಡಿಕೆಗೆ ಅಡ್ಡಿಯಿಲ್ಲ, ಅದು ತಿಂದದ್ದರ ಲೆಕ್ಕಕ್ಕೆ ಬರುವುದೇ ಇಲ್ಲ. ನನ್ನ ಗಂಡನ ಅವ್ವ ಹಾಗೆ ಮಾಡುತ್ತಿದ್ದರು, ಅವರ ಅತ್ತೆಯೂ ಹಾಗೇ ಮಾಡಿದ್ದರಂತೆ. ಎರಡು ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿ ಅಕ್ಕನ ಕೈಗೆ ಕೊಟ್ಟೆ. ನಾಲ್ಕು ಸಲ ಅಗಿಯುವಷ್ಟರಲ್ಲಿ ಮಂಡಿ ನಿಂತಿತು.

ಹೆಸರು ಕೂಗಿದರು. ನರ್ಸಮ್ಮ ಬಾಯಿ ತೆಗೆಸಿದವರು ಹಾಗೇ ನಿಂತರು.

"ಏನಮ್ಮಾ ಇದು? ಏನೂ ತಿನ್ಬೇಡಿ ಅಂದಿರ್ಲಿಲ್ವಾ?"

"ಏನೂ ತಿಂದಿಲ್ಲ ಕಣ್ರವ್ವ. ನೆನ್ನೆ ಸಂಜೆಯಿಂದ ಒಂದ್ ಅಗ್ಳಿಲ್ಲ."

"ಮತ್ತೆ ಬಾಯಿ ಕೆಂಪಗಿದೆ?"

"ಅದು ಎಲಡ್ಕೆ."

ನರ್ಸಮ್ಮ ನನ್ನ ಮುಖ ನೋಡಿದರು. ರಸ ಒಳಗೆ ಇಳಿದಿರುತ್ತದೆ, ಇವತ್ತು ಆಗುವುದಿಲ್ಲ, ಮುಂದಿನ ವಾರ ಬನ್ನಿ ಎಂದು ಚೀಟಿಯ ಮೇಲೆ ಬೇರೆ ದಿನ ಬರೆದುಕೊಟ್ಟರು. ನಾನು ಕುಗ್ಗಿಹೋದೆ. ಅಕ್ಕ ಮಾತ್ರ ಸ್ಕೂಲಿಗೆ ರಜ ಸಿಕ್ಕಿದ ಮಗುವಿನ ಹಾಗೆ ಮೆಟ್ಟಿಲಿಳಿದಳು. ಎದುರಿನ ಹೋಟೆಲಿನಲ್ಲಿ ಎರಡು ಕಾಫಿ ಕುಡಿದು ಇಡ್ಲಿ ತರಿಸಿದಳು. ಸಾಂಬಾರಿನಲ್ಲಿ ಅದ್ದಿದ ಮೊದಲ ತುಂಡೇ ಎದೆಯಲ್ಲಿ ನಿಂತಿತು. ಕಣ್ಣು ಮುಚ್ಚಿ, ಮೇಜಿನ ಅಂಚು ಹಿಡಿದುಕೊಂಡು, ಅದು ಇಳಿಯಲಿ ಎಂದು ಕಾದಳು. ಬಸ್ಸಿನಲ್ಲಿ ನನ್ನ ಭುಜ ತಟ್ಟಿ, "ಇವತ್ತು ನನ್ನ ಉಳಿಸ್ಬುಟ್ಟೆ ಕಣವ್ವ" ಎಂದಳು. ಆ ಮಾತನ್ನು ಅವಳು ತಮಾಷೆಗೆ ಆಡಿದ್ದು. ನನಗೆ ಮರೆಯಲು ಆಗಿಲ್ಲ.

ಮುಂದಿನ ವಾರ ಹತ್ತಿರ ಬಂದಾಗ ಬರುವುದಿಲ್ಲ ಎಂದು ಹಟ ಹಿಡಿದಳು. ವಾಸಿಯಾಗಿದೆ, ಮುದ್ದೆ ಇಳಿಯುತ್ತಿದೆ ಎಂದಳು. ಭಾವ ಗದರಿದರು, ನನ್ನ ಗಂಡ ಬೇಡಿಕೊಂಡರು. ಹಿಂದಿನ ದಿನ ಮಧ್ಯಾಹ್ನ ಚಪ್ಪರದಲ್ಲಿ ನಾವಿಬ್ಬರೇ ಇದ್ದಾಗ, ತಲೆ ಎತ್ತದೆ ಹೇಳಿದಳು:

"ಪೈಪ್ ಬಯ ಐತೆ, ಇಲ್ಲ ಅನ್ನಲ್ಲ. ಅದ್ಕಿಂತ ಇನ್ನೊಂದದೆ ಕಣೆ."

"ಏನಕ್ಕ?"

"ನಮ್ಮವ್ವಂಗೆ ಏನಾಗಿತ್ತು ಅಂತ ಅವ್ಳಿಗೆ ಯಾರೂ ಯೋಳ್ನಿಲ್ಲ. ಗ್ಯಾಸು, ಗ್ಯಾಸು ಅಂತ್ಲೇ ಇದ್ವಿ. ನಾನೂ ಅಂದೆ. ಅವ್ಳು ಸಾಯೋಗಂಟ ನಮ್ ಮಕ ನೋಡೋಳು, ಒಬ್ಬೊಬ್ರುದ್ನೇ, ಯಾರಾನ ಬಾಯ್ ಬುಡ್ತಾರೇನೋ ಅಂತ. ನೋಡೋದು ನನ್ ವಟ್ಟೆಯ. ಊರ್ಗೆಲ್ಲ ಗೊತ್ತಾಗಿ ನಂಗೊಬ್ಳಿಗೇ ಗೊತ್ತಾಗ್ದಂಗೆ ಆಗ್ಬಾರ್ದು."

ನಾನು ಇನ್ನೊಂದು ಕಡ್ಡಿ ಎತ್ತಿಕೊಂಡೆ.

"ಏನ್ ಬಂದ್ರೂ ಯೋಳ್ತೀನಿ ಅಂತ ಮಾತ್ ಕೊಡು. ನಾಳೆ ಬತ್ತೀನಿ."

ಕೊಟ್ಟೆ. ಅವಳು ಬಂದರೆ ಸಾಕಾಗಿತ್ತು ನನಗೆ. ಅದು ಎಂಥ ಮಾತು ಎಂದು ಯೋಚಿಸಲಿಲ್ಲ.

ಎರಡನೆಯ ಸಲ ಎಲಡಿಕೆ ಚೀಲವನ್ನು ಮನೆಯಲ್ಲೇ ಬಿಟ್ಟು ಹೋದೆ. ಅಕ್ಕ ಉಗುಳು ನುಂಗಲೂ ನರ್ಸಮ್ಮನನ್ನು ಕೇಳಿದಳು. ಸರದಿ ಬಂದಾಗ ಎದ್ದು ಹೋಗಿ, "ಒಂದ್ಸಲ ತೋರ್ಸಿ, ನೋಡ್ತೀನಿ" ಎಂದು ಬಾಗಿಲಲ್ಲೇ ನಿಂತಳು. ನರ್ಸಮ್ಮ ಬೈಯುತ್ತಾರೆ ಎಂದುಕೊಂಡೆ. ಅವರು ಪೈಪು ತಂದು ತೋರಿಸಿದರು. ಕಪ್ಪಗೆ, ಕಿರುಬೆರಳಿನ ದಪ್ಪ. ಅಕ್ಕ ಅದರ ತುದಿಯಿಂದ ಬುಡದವರೆಗೆ ಕಣ್ಣಾಡಿಸಿದಳು, ಕಡ್ಡಿಯ ಉದ್ದ ಅಳೆಯುವ ಹಾಗೆ. ಗಂಟಲು ಮರಗಟ್ಟುವ ಔಷಧಿ ಕೊಟ್ಟರು. ಬಾಗಿಲು ಹಾಕಿಕೊಂಡಿತು.

ಹತ್ತು ನಿಮಿಷ ಎಂದಿದ್ದರು. ನಾನು ಗೋಡೆಯ ಸುಣ್ಣ ಉಗುರಿನಿಂದ ಕೆರೆಯುತ್ತಾ ನಿಂತೆ. ಕೂರಲು ಆಗಲಿಲ್ಲ. ಒಳಗಿನಿಂದ ಅವಳ ಸದ್ದು ಬಂದಾಗ ಕಿವಿ ಮುಚ್ಚಿಕೊಂಡೆ, ಬರದೆ ಹೋದಾಗ ಹೆದರಿ ಬಾಗಿಲಿಗೆ ಕಿವಿ ಇಟ್ಟೆ. ಹೊರಗೆ ಬಂದಾಗ ಅವಳ ಕಣ್ಣಲ್ಲಿ, ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಅರ್ಧ ಗಂಟೆ ಮಾತು ಹೊರಡಲಿಲ್ಲ. ನನ್ನ ಕೈಯನ್ನು ತೆಗೆದು ತನ್ನ ಗಂಟಲ ಮೇಲೆ ಇಟ್ಟುಕೊಂಡು ಕೂತಿದ್ದಳು. ಕೊನೆಗೆ ತೊದಲುತ್ತಾ, "ಮೂಲೆಮನೆ ಅತ್ತೆ ಸುಳ್ಬುರ್ಕಿ ಕಣೆ. ಮೋಟ್ರು ಇಲ್ಲ" ಎಂದಳು.

ಒಳಗಿನಿಂದ ಒಂದು ಚೂರು ತೆಗೆದಿದ್ದರು. ಅದರ ರಿಪೋರ್ಟು ತರಲು ಎಂಟು ದಿನದ ಮೇಲೆ ಭಾವನೇ ಹೋದರು. ಬಂದವರು ನನ್ನನ್ನೂ ನನ್ನ ಗಂಡನನ್ನೂ ಬ್ಯಾರನ್ನಿನ ಹಿಂದಕ್ಕೆ ಕರೆದರು. ಅನ್ನನಾಳದಲ್ಲಿ ಕ್ಯಾನ್ಸರ್. "ಅವ್ಳ್ಗೆ ಯಾರೂ ಬಾಯ್ ಬುಡ್ಬ್ಯಾಡಿ. ಬರೀ ಹುಣ್ಣು ಅನ್ನುವಾ. ಗೊತ್ತಾದ್ರೆ ಎದೆ ಒಡ್ಕೋತಾಳೆ" ಎಂದರು. ಹೇಳುವಾಗ ಅವರೇ ಅಳುತ್ತಿದ್ದರು. ಕೆಟ್ಟವರಲ್ಲ ಅವರು. ಆ ಸಂಜೆ ಅಡಿಗೆಮನೆಗೆ ಬಂದು, ಗಂಟಲಿನ ಕೆಳಗೆ ಹುಣ್ಣಾಗಿದೆ, ಮೈಸೂರಿಗೆ ಹೋಗಿ ಬಂದು ಮಾಡಿದರೆ ವಾಸಿಯಾಗುತ್ತದಂತೆ ಎಂದರು. ಅಕ್ಕ "ಓ" ಎಂದಳು. ಗಂಡನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ನಾನು ಒಲೆಯ ಸೌದೆ ಮುಂದಕ್ಕೆ ತಳ್ಳಿದೆ.

ಮೂರು ದಿನ ಹಾಗೇ ಇದ್ದೆ. ಅಕ್ಕ ಅಡಿಗೆಮನೆಗೆ ಬಂದರೆ ನಾನು ಕೊಟ್ಟಿಗೆಗೆ ಹೋಗುತ್ತಿದ್ದೆ. ನಾಲ್ಕನೆಯ ಬೆಳಿಗ್ಗೆ ಕೆರೆಯಲ್ಲಿ ಬಟ್ಟೆ ಒಗೆಯುವಾಗ ಇನ್ನು ಆಗಲಿಲ್ಲ.

"ಅಕ್ಕ, ಅದು ಹುಣ್ಣಲ್ಲ."

"ಗೊತ್ತು" ಎಂದಳು. "ಮೂರ್ ದಿನ್ದಿಂದ ನೀನು ನನ್ ಪಕ್ಕ ಕೂತು ಉಂಡಿಲ್ಲ."

ಕಾಯಿಲೆಯ ಹೆಸರು ಕೇಳಿದಳು. ಹೇಳಿದೆ. ವಾಸಿಯಾಗುತ್ತಾ ಎಂದಳು. ಕಷ್ಟ ಅಂದರಂತೆ ಎಂದೆ. ಆಮೇಲೆ ಒದ್ದೆ ಸೀರೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ಇಬ್ಬರೂ ಎರಡು ಕಡೆ ಹಿಡಿದು ಹಿಂಡಿದೆವು.

ಭಾವನಿಗೆ ಅವಳೇ ಹೇಳಿದಳು. "ಇನ್ ನನ್ ತಾವ ಸುಳ್ ಯೋಳ್ಬ್ಯಾಡಿ. ನಿಮ್ಗದು ಬರಾಕಿಲ್ಲ, ದಣೀತೀರ" ಎಂದಳಂತೆ. ಭಾವ ಅವಳಿಗೆ ಏನೂ ಅನ್ನಲಿಲ್ಲ. ನನ್ನ ಹತ್ತಿರ ಬಂದು, "ಅವ್ಳ್ ಆಯಸ್ನ ನೀನೇ ಕಮ್ಮಿ ಮಾಡ್ದೆ" ಎಂದರು. ಅದಾದ ಮೇಲೆ ನನ್ನೊಂದಿಗೆ ಮಾತು ಬಿಟ್ಟರು. ಒಂದೇ ಒಲೆಯ ಮನೆಯಲ್ಲಿ ಮಾತು ಬಿಡುವುದು ಸುಲಭವಲ್ಲ. ನೀರು ಬೇಕಾದರೆ ಗೋಡೆಗೆ ಹೇಳುತ್ತಿದ್ದರು, ನಾನು ತಂದಿಡುತ್ತಿದ್ದೆ.

ಅಕ್ಕ ಆಮೇಲೆ ಒಂಬತ್ತು ತಿಂಗಳು ಇದ್ದಳು. ಮೈಸೂರಿಗೆ ಹೋಗಿ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿಕೊಂಡು ಬರುತ್ತಿದ್ದಳು. ಎಷ್ಟೋ ವರ್ಷದಿಂದ ಮಾತು ಬಿಟ್ಟಿದ್ದ ತಂಗಿಯನ್ನು ನೋಡಲು ನನ್ನನ್ನು ಕರೆದುಕೊಂಡು ಸರಗೂರಿಗೆ ಹೋದಳು. ಹೊಸಿಲು ದಾಟುವ ಮೊದಲೇ, "ಸಾಯ್ತಿವ್ನಿ ಕಣೆ, ಜಗ್ಳ ಆಡಂಗಿದ್ರೆ ಬ್ಯಾಗ ಆಡು" ಎಂದಳು. ತಂಗಿ ಬಾಗಿಲು ಹಿಡಿದುಕೊಂಡು ಅತ್ತಳು. ಆ ದಿನಗಳಲ್ಲಿ ಅಕ್ಕ ನೋವಿಗೆ ಕೂಗಿದ್ದಾಳೆ, ದೇವರನ್ನು ಬೈದಿದ್ದಾಳೆ. ಆದರೆ ನಮ್ಮ ಮುಖಗಳನ್ನು ಹುಡುಕಲಿಲ್ಲ. ಹೊಗೆಸೊಪ್ಪಿನ ಸಸಿ ನೆಡುವ ಹೊತ್ತಿಗೆ, ಒಂದು ಮಧ್ಯಾಹ್ನ, ಬಾಯಿಗೆ ಬಿಟ್ಟ ನೀರು ಒಳಗೆ ಹೋಗಲಿಲ್ಲ.

ಒಂದು ವಾರ ತಡವಾದದ್ದರಿಂದ ಏನೂ ವ್ಯತ್ಯಾಸವಾಗಲಿಲ್ಲ ಎಂದು ಡಾಕ್ಟರು ಹೇಳಿದ್ದರು. ನಂಬಿದ್ದೇನೆ. ಆದರೂ ಒಪ್ಪತ್ತಿನ ಶನಿವಾರ ಬಂದರೆ ಏನೋ ಮರೆತವಳ ಹಾಗೆ ಒಳಗೂ ಹೊರಗೂ ಓಡಾಡುತ್ತೇನೆ. ಭಾವನ ಮಾತು ನಿಜವೇ ಎಂದು ಕೇಳಿಕೊಳ್ಳುತ್ತೇನೆ. ಉತ್ತರ ದಿನಕ್ಕೊಂದು ಥರ ಬರುತ್ತದೆ.

ಅವಳು ಹೋದ ಎರಡು ವರ್ಷಕ್ಕೆ ಭಾವನಿಗೆ ಹೊಟ್ಟೆನೋವು ಬಂತು. ಅದೇ ಪರೀಕ್ಷೆ ಬರೆದರು. ನನ್ನ ಗಂಡ ಜೊತೆಗೆ ಹೊರಟು ನಿಂತಾಗ ಭಾವ ತಲೆ ಅಲ್ಲಾಡಿಸಿ, ಗೋಡೆಗೆ ಹೇಳಿದರು: "ಅವ್ಳು ಬರ್ಲಿ."

ಬಸ್ಸಿನಲ್ಲಿ ಅವರು ಟವಲನ್ನು ಮಡಿಸುತ್ತಿದ್ದರು, ಕೊಡವುತ್ತಿದ್ದರು. ಹುಣಸೂರು ದಾಟಿದ ಮೇಲೆ ಧೈರ್ಯ ಮಾಡಿ ಕೇಳಿದೆ: "ಭಾವ, ಏನ್ ಬಂದ್ರೂ ಹೇಳ್ಲಾ?" ಅವರು ಟವಲನ್ನು ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ "ಊಂ" ಎಂದರು.

ಪರೀಕ್ಷೆ ಮುಗಿಸಿ ಡಾಕ್ಟರು ಇಬ್ಬರನ್ನೂ ಕೂರಿಸಿ, ಗಾಬರಿಪಡುವಂಥದ್ದು ಏನೂ ಇಲ್ಲ, ಮಾತ್ರೆಯಲ್ಲಿ ಹೋಗುತ್ತದೆ ಎಂದರು. ಭಾವ ತಲೆಯಾಡಿಸಿ ಎದ್ದು ಬಂದರು. ಹೊರಗೆ ಬೆಂಚಿನ ಮೇಲೆ ಕೂತು ನೆಟ್ಟಗೆ ನನ್ನ ಮುಖ ನೋಡಿದರು.

"ನಿಜ್ವಾ?"

"ನಿಜ ಭಾವ. ಏನೂ ಇಲ್ಲ."

ಅವರ ಭುಜ ಇಳಿಯಿತು. ಟವಲಿನಿಂದ ಮುಖ ಮುಚ್ಚಿಕೊಂಡರು. ಅದರೊಳಗಿನಿಂದಲೇ, "ಅವ್ಳ್ಗೂ ನೀನು ಇಂಗೇ ಯೋಳ್ದೆ, ಅಲ್ವಾ?" ಎಂದರು.

"ಊಂ ಭಾವ."

ಮುಖ ಒರೆಸಿಕೊಂಡು ಎದ್ದರು. "ನಡಿಯವ್ವ. ಬಸ್ಸು ವೊಂಟೋಯ್ತದೆ."