ಬೀಗರೂಟದಲ್ಲಿ ಆಫ್‌ಸೈಡ್

ಬೆಳಗ್ಗೆಯಿಂದ ಎದುರುಮನೆಯವರ ಶಾಮಿಯಾನದ ಕಡೆಯಿಂದ ಹುರಿದ ಮಸಾಲೆಯ ಘಮ ಬರುತ್ತಿದೆ. ಧನಿಯ, ಚಕ್ಕೆ, ಲವಂಗ, ಅದರ ಬೆನ್ನಿಗೇ ಬೇಯುತ್ತಿರುವ ಮಾಂಸ. ಅವರ ಮಗನ ಮದುವೆಯಾಗಿದೆ, ಇವತ್ತು ಬೀಗರೂಟ. ರಾಮನಗರದಲ್ಲಿ ಮನೆ ಮಾಡಿಕೊಂಡವನಿಗೆ ಈ ಘಮ ಹೊಸದಲ್ಲ. ಆದರೂ ನೋಡಿ, ಇದು ಮೂಗಿಗೆ ಬಡಿದ ಕೂಡಲೇ ಬೇರೆಯವರಿಗೆ ಬಾಯಲ್ಲಿ ನೀರೂರಿದರೆ ನನಗೆ ಬೆನ್ನು ಜುಮ್ಮೆನ್ನುತ್ತದೆ.

ಯಾಕೆ ಅಂತ ನಮ್ಮ ಕಡೆ ಬೀಗರೂಟ ಉಂಡವರಿಗೆ ಹೇಳಬೇಕಾಗಿಲ್ಲ. ಉಣ್ಣದವರಿಗೆ ಹೇಳುತ್ತೇನೆ. ನೀವು ಹೇಗೋ ಒಂದು ಕುರ್ಚಿ ಹಿಡಿದು ಕೂತು, ಮುದ್ದೆ ಮುರಿದು ಸಾರಿಗೆ ಅದ್ದುವಷ್ಟರಲ್ಲಿ ಬೆನ್ನ ಹಿಂದೆ ಒಬ್ಬ ಬಂದು ನಿಂತಿರುತ್ತಾನೆ. ಕುರ್ಚಿಯ ಮೇಲೆ ಅವನ ಕೈ ಇರುತ್ತದೆ. ನೀವು ಎದ್ದ ಗಳಿಗೆಯಿಂದ ಆ ಜಾಗ ಅವನದು. ಪಾಪ, ಅವನು ಏನೂ ಮಾತಾಡುವುದಿಲ್ಲ, ಸುಮ್ಮನೆ ನಿಮ್ಮ ಕತ್ತಿನ ಮೇಲೆ ಉಸಿರು ಬಿಡುತ್ತಾನೆ. ನಿಮ್ಮ ಎಲೆಯಲ್ಲಿ ಇನ್ನೆಷ್ಟು ಮೂಳೆ ಉಳಿದಿವೆ ಅನ್ನುವುದು ನಿಮಗಿಂತ ಅವನಿಗೇ ಚೆನ್ನಾಗಿ ಗೊತ್ತು. ನಾನೋ ನಿಧಾನಸ್ಥ. ಒಂದು ನಲ್ಲಿಮೂಳೆ ಸಿಕ್ಕಿದರೆ ಅದರೊಡನೆ ಸಂಸಾರ ಮಾಡುವವನು. ನನ್ನ ಹಿಂದೆ ನಿಂತವರು ಹಾಕಿದ ಶಾಪದಲ್ಲೇ ನನ್ನ ತಲೆಗೂದಲು ಉದುರಿದ್ದು ಎಂದು ನನ್ನ ಹೆಂಡತಿಯ ನಂಬಿಕೆ.

ಈ ಪದ್ಧತಿಯನ್ನೇ ನಿಲ್ಲಿಸಿಬಿಡುತ್ತೇನೆ ಎಂದು ಹೊರಟ ಒಬ್ಬ ಫುಟ್‌ಬಾಲ್ ಆಟಗಾರನಿದ್ದ. ನನ್ನ ಸೋದರತ್ತೆಯ ಮಗ ಕೆಂಪರಾಜು, ಕೋಡಿಹಳ್ಳಿಯವನು. ಕೋಲ್ಕತ್ತ, ಗೋವಾ ಎಂದು ಊರೂರು ಸುತ್ತಿ, ಸಂಬಳ ತೆಗೆದುಕೊಂಡು ಚೆಂಡು ಒದ್ದವನು. ಒದ್ದ ಅನ್ನುವುದೂ ತಪ್ಪು. ಅವನು ಡಿಫೆಂಡರ್, ಅಂದರೆ ಗೋಲಿನ ಮುಂದೆ ನಿಂತು ಎದುರಾಳಿಗೆ ದಾರಿ ಬಿಡದವನು. ಅಷ್ಟು ವರ್ಷದಲ್ಲಿ ಒಂದೇ ಒಂದು ಗೋಲೂ ಹೊಡೆದವನಲ್ಲ. ರಜೆಗೆಂದು ಊರಿಗೆ ಬಂದರೆ ಅರಳಿಕಟ್ಟೆಯ ಹಿರಿಯರು ಕರೆದು ಕೂರಿಸಿಕೊಂಡು, ಆಟ, ಸಂಬಳ ಎಲ್ಲವನ್ನೂ ವಿಚಾರಿಸಿ, ಕೊನೆಗೆ ಕೇಳುತ್ತಿದ್ದರು: "ಅದ್ ಸರಿ ಕಣಪ್ಪ, ಕೆಲ್ಸ ಏನ್ ಮಾಡ್ಕಂಡಿದ್ದೀಯ?"

ಆಟದ ಬಗ್ಗೆ ಅವನ ಅಭಿಪ್ರಾಯಗಳು ಗಟ್ಟಿಯಾಗಿದ್ದವು. ನನ್ನ ಮನೆಯ ಜಗಲಿಯಲ್ಲಿ ಕೂತು ಕಡಲೇಕಾಯಿ ಬಿಡಿಸುತ್ತಾ ಹೇಳುತ್ತಿದ್ದ: "ಭಾವ, ಚೆಂಡು ನೋಡೋನು ಕೆಟ್ಟ. ಕಾಲು ಸುಳ್ಳು ಹೇಳ್ತದೆ, ಕಣ್ಣು ಸುಳ್ಳು ಹೇಳ್ತದೆ. ಮನ್ಸನ ಸೊಂಟ ಮಾತ್ರ ಸುಳ್ಳು ಹೇಳಾಕಿಲ್ಲ. ಅವ್ನು ಯಾವ ಕಡೀಕೆ ತಿರುಗ್ತಾನೆ ಅನ್ನೋದು ಮೊದ್ಲು ಸೊಂಟಕ್ಕೆ ಗೊತ್ತಾಗ್ತದೆ." ನಾನು ನನ್ನ ಸೊಂಟ ನೋಡಿಕೊಂಡೆ. ಅದಕ್ಕೆ ಏನಾದರೂ ಗೊತ್ತಾಗಿ ಬಹಳ ವರ್ಷವಾದಂತಿತ್ತು.

ಇನ್ನೊಂದು ಮಾತನ್ನೂ ಹೇಳುತ್ತಿದ್ದ, ಅದನ್ನು ಹೇಳುವಾಗ ಮಾತ್ರ ಕಡಲೇಕಾಯಿ ಬಿಡುತ್ತಿದ್ದ. "ಗೋಲ್ ಹೊಡ್ದೋನ್ನ ಹೊತ್ಕಂಡು ಕುಣೀತಾರೆ. ನಾನು ಚೆನ್ನಾಗಿ ಆಡಿದ್ರೆ ಏನೂ ಆಗಾಕಿಲ್ಲ ಭಾವ. ಏನೂ ಆಗದೆ ಇದ್ದದ್ದನ್ನ ಯಾರು ನೋಡ್ತಾರೆ?"

ಮಂಡಿಯ ನರ ಹರಿದು ಆಟ ಮುಗಿಯಿತು. ಊರಿಗೆ ಬಂದವನು ಬಿಸ್ನೆಸ್ಸಿಗೆ ಇಳಿದ. ಮೊದಲು ಕನಕಪುರದಲ್ಲಿ ಜಿಮ್ ತೆರೆದ. ನಮ್ಮ ಹುಡುಗರು ಬಂದು ಕಬ್ಬಿಣವನ್ನೆಲ್ಲ ಎತ್ತಿ ನೋಡಿ, "ಮೂಟೆ ಎತ್ತಿದ್ರೆ ನಮ್ಗೇ ಕೂಲಿ ಕೊಡ್ತಾರೆ, ಇಲ್ಲಿ ಎತ್ತಿ ನಾವೇ ಕೊಡ್ಬೇಕಾ?" ಎಂದು ಹೊರಟುಹೋದರು. ಆಮೇಲೆ ಸುತ್ತಮುತ್ತ ರೇಷ್ಮೆ ಇದೆಯಲ್ಲ ಎಂದು ರೇಷ್ಮೆಯ ಜೆರ್ಸಿ ಹೊಲಿಸಿದ. ಅದನ್ನು ಹಾಕಿಕೊಂಡು ಓಡಿದ ಹುಡುಗರು ಬೆವರಿದ ಮೇಲೆ ಅದನ್ನು ಬಿಚ್ಚಲು ಇಬ್ಬಿಬ್ಬರು ಹಿಡಿದು ಎಳೆಯಬೇಕಾಯಿತು. ಉಳಿದ ಜೆರ್ಸಿಯಲ್ಲಿ ಎರಡು ನಮ್ಮ ಮನೆಯಲ್ಲಿವೆ. ದಿಂಬಿನ ಕವರಾಗಿ ಚೆನ್ನಾಗಿ ಬಾಳುತ್ತಿವೆ.

ಈ ನಡುವೆ ಚನ್ನಪಟ್ಟಣದಲ್ಲಿ ಮಂಡಿಗೆ ವ್ಯಾಯಾಮ ಮಾಡಿಸುತ್ತಿದ್ದ ಸವಿತಾ ಎಂಬ ಹುಡುಗಿಗೂ ಇವನಿಗೂ ಮನಸ್ಸಾಯಿತು. ಮಂಡಿ ವಾಸಿಯಾದ ಮೇಲೂ ಮೂರು ತಿಂಗಳು ಕುಂಟಿದ ಬಡ್ಡೀಮಗ! ಸವಿತಾಳ ತಂದೆ ಬೋರೇಗೌಡರು ಅಕ್ಕೂರಿನವರು, ರೇಷ್ಮೆ ಬೆಳೆಗಾರರು, ಮಾತಿಗೆ ಮುಂಚೆ ಮೀಸೆ ಮುಟ್ಟಿಕೊಳ್ಳುವವರು. ಹೆಣ್ಣು ಕೇಳಲು ನಾನೇ ಕರೆದುಕೊಂಡು ಹೋಗಿದ್ದೆ. ಅವರೂ ಅರಳಿಕಟ್ಟೆಯವರ ಪ್ರಶ್ನೆಯನ್ನೇ ಕೇಳಿದರು, ಕೆಲಸ ಏನು ಅಂತ. ಇವನು ಬಾಯಿಗೆ ಬಂದದ್ದು ಹೇಳಿಬಿಟ್ಟ: "ಬೀಗರೂಟದಲ್ಲಿ ಜನರನ್ನ ಸಂಭಾಳಿಸೋ ಬಿಸ್ನೆಸ್ ಶುರು ಮಾಡ್ತಾ ಇದೀನಿ ಯಜಮಾನ್ರೇ. ತಳ್ಳಾಟ ಇಲ್ಲ, ಕುರ್ಚಿ ಹಿಂದೆ ನಿಲ್ಲೋದಿಲ್ಲ."

ಬೋರೇಗೌಡರು ಮೀಸೆ ಮುಟ್ಟಿಕೊಂಡರು. "ಮುಂದಿನ ತಿಂಗ್ಳು ನನ್ನ ಮಗನ ಬೀಗರೂಟ ಐತೆ. ಮಾಗಡಿ ಕಡೆ ಬೀಗ್ರು, ದೊಡ್ಡೋರು. ಅವ್ರ ಮುಂದೆ ನಾನು ತಲೆ ಎತ್ಕಂಡು ನಿಲ್ಲೋ ಹಂಗೆ ಮಾಡು, ಹೆಣ್ ಕೊಡ್ತೀನಿ. ಒಸಿ ಎಡವಟ್ಟಾಯ್ತೋ, ಇತ್ತಾಗೆ ತಲೆ ಹಾಕ್ಬೇಡ."

ಬಾಗಿಲ ಸಂದಿಯಲ್ಲಿ ನಿಂತಿದ್ದ ಸವಿತಾ ಹಣೆ ಚಚ್ಚಿಕೊಂಡದ್ದು ನನಗೆ ಮಾತ್ರ ಕಾಣಿಸಿತು.

ಊಟದ ದಿನ ತೋಟದಲ್ಲಿ ಎರಡು ಶಾಮಿಯಾನ. ಒಂದು ಉಣ್ಣಲು, ಇನ್ನೊಂದು ಕಾಯಲು. ರೇಷ್ಮೆಹುಳುವಿನ ಮನೆಗೆಂದು ತಂದಿಟ್ಟಿದ್ದ ಸುಣ್ಣದ ಪುಡಿಯಲ್ಲಿ ಕೆಂಪರಾಜು ನಡುವೆ ಉದ್ದಕ್ಕೆ ಗೆರೆ ಎಳೆದ. ಪಂಕ್ತಿ ಏಳುವ ಮುಂಚೆ ಗೆರೆ ದಾಟಿದವನು ಆಫ್‌ಸೈಡ್, ವಾಪಸ್ ಹೋಗಿ ಕೂರಬೇಕು. ಅವನ ಕತ್ತಿನಲ್ಲಿ ಸೀಟಿ, ಜೇಬಲ್ಲಿ ತಪ್ಪಿದವರಿಗೆ ತೋರಿಸುವ ಹಳದಿ ಕಾರ್ಡು. ಗೆರೆಯ ಪಕ್ಕ ಬಾವುಟ ಹಿಡಿದು ಲೈನ್ಸ್‌ಮನ್ ಆಗಿ ನಿಂತವನು, ಇನ್ಯಾರು, ನಾನೇ. ಬೋಟಿ ಗೊಜ್ಜಿನ ಗಾಳಿ ನೇರವಾಗಿ ನನ್ನ ಕಡೆಗೇ ಬೀಸುತ್ತಿತ್ತು. ಅಂಥ ಶಿಕ್ಷೆ ಹಗೆಗೂ ಬೇಡ.

ಮೊದಮೊದಲು ಜನ ನಕ್ಕರು. ಕಬ್ಬಾಳಿನಿಂದ ಬಂದ ಒಬ್ಬ ಅಜ್ಜಿ ಗೆರೆ ದಾಟಿದರು. ನಾನು ಬಾವುಟ ಎತ್ತಿದೆ, ಅವನು ಸೀಟಿ ಊದಿ ಕಾರ್ಡು ತೋರಿಸಿದ. ಅಜ್ಜಿ ಅದನ್ನು ಇಸಿದುಕೊಂಡು ಸೆರಗಿಗೆ ಕಟ್ಟಿಕೊಂಡು, "ಇದುನ್ನ ತೋರ್ಸುದ್ರೆ ಎಲ್ಡ್ ಮುದ್ದೆ ಇಕ್ತಾರೇನ್ಲಾ?" ಅಂದರು. ಆದರೆ ಮೂರನೆಯ ಪಂಕ್ತಿಯ ಹೊತ್ತಿಗೆ, ದೇವರಾಣೆಗೂ ಹೇಳುತ್ತೇನೆ, ಎಲ್ಲ ಸರಿಹೋಯಿತು. ಯಾರ ಸೊಂಟ ಕುರ್ಚಿಯಲ್ಲಿ ಒಂದು ಗೇಣು ಮುಂದೆ ಸರಿಯಿತೋ ಅವನ ಜಾಗಕ್ಕೆ ಯಾರು ಹೋಗಬೇಕೆಂದು ಕೆಂಪರಾಜು ಬೆರಳು ತೋರಿಸಿಯಾಗಿರುತ್ತಿತ್ತು. ಜಗಳವಿಲ್ಲ, ಕುರ್ಚಿ ಮುರಿಯಲಿಲ್ಲ, ಒಬ್ಬನ ಪಂಚೆಗೂ ಸಾರು ಚೆಲ್ಲಲಿಲ್ಲ. ನಮ್ಮ ಸೀಮೆಯಲ್ಲೇ ಜನ ಮೊದಲ ಬಾರಿಗೆ ನಿಧಾನವಾಗಿ ಅಗಿದು ಉಂಡರು. ಅವನ ಮುಖ ನೋಡಿ ನನಗೆ ಹೆಮ್ಮೆಯಾಯಿತು. ಹೆಣ್ಣು ಬಂದಂತೆಯೇ ಅಂದುಕೊಂಡೆ.

ಆಗ ಮಾಗಡಿಯ ಬೀಗರು ಕೈ ತೊಳೆದುಕೊಂಡು ಬಂದರು. ಮುಖ ಸಪ್ಪಗಿತ್ತು.

"ಏನ್ ಬೀಗ್ರೇ, ನಿಮ್ ಕಡೆ ಜನಾನೇ ಇಲ್ವಾ?" ಅಂದರು. "ನಾನು ಉಂಡು ಏಳೋಗಂಟ ಒಬ್ನೂ ನನ್ ಹಿಂದೆ ಬಂದು ನಿಲ್ನಿಲ್ವಲ್ಲ. ತಿಥಿ ಊಟ ಉಂಡಂಗಾಯ್ತು ನಂಗೆ."

ಅಯ್ಯೋ ದೇವರೇ! ನಮಗೆ ಇದು ಹೊಳೆದೇ ಇರಲಿಲ್ಲ. ಬೀಗರೂಟದ ಮಾನವೆಲ್ಲ ಇರುವುದು ಆ ನೂಕುನುಗ್ಗಲಿನಲ್ಲೇ. "ಕಾಲಿಡಾಕೆ ಜಾಗ ಇರ್ನಿಲ್ಲ ಕಣಪ್ಪ" ಎಂದು ಬೀಗರು ಊರಿಗೆ ಹೋಗಿ ಹೇಳಿದರೆ ಅದು ಮರ್ಯಾದೆ. ಹಿಂದೆ ಕಾಯುವವನಿಲ್ಲದ ಊಟವೆಂದರೆ, ಕರೆದರೂ ಜನ ಬಾರದ ಮನೆಯ ಊಟ.

ಬೋರೇಗೌಡರು ಉರಿದುಬಿದ್ದರು. "ಜನ ಬಂದವ್ರೆ ಯಜಮಾನ್ರೇ, ಅಗೋ, ಆ ಶಾಮಿಯಾನದಲ್ಲಿ ಕೂತವ್ರೆ" ಎಂದು ಕೆಂಪರಾಜು ಹೇಳಲು ಹೋದ.

"ಕೂತವ್ರಾ? ಬೀಗರೂಟಕ್ಕೆ ಬಂದೋರು ಸಾಲಾಗಿ ಕೂತ್ಕಂಡು ಕಾಯಾಕೆ ಇದೇನು ಆಸ್ಪತ್ರೆ ಏನ್ಲಾ? ನನ್ ಮರ್ವಾದೆ ಕಳ್ದಲ್ಲೋ! ಹೆಣ್ಣಿನ ಮಾತು ಇಲ್ಲಿಗೇ ಬುಟ್ಬುಡು."

ಕೆಂಪರಾಜು ಕತ್ತಿನ ಸೀಟಿ ಬಿಚ್ಚಿ ಜೇಬಿಗೆ ಹಾಕಿಕೊಂಡ. ನನಗೆ ಸಂಕಟವಾಯಿತು, ಸಿಟ್ಟೂ ಬಂತು. ಬಾವುಟ ಅಲ್ಲೇ ಬಿಸಾಕಿದೆ. ಬೀಗರೆಲ್ಲ ಹೊರಟು, ಬಡಿಸುವ ಹುಡುಗರು ಎಲೆ ಎತ್ತಿದ ಮೇಲೆ, "ಉಂಡಾದ್ರೂ ಹೋಗೋಣ ಬಾ" ಎಂದು ಅವನನ್ನು ಒಂದು ಕುರ್ಚಿಯಲ್ಲಿ ಕೂರಿಸಿದೆ. ಹಸಿವು ನನಗೂ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅವನ ಪಕ್ಕ ಕೂತು ಚಪ್ಪರಿಸಲು ಮನಸ್ಸು ಬಾರದೆ ಕಂಬಕ್ಕೆ ಒರಗಿ ನಿಂತೆ. ಶಾಮಿಯಾನದ ತುಂಬ ಖಾಲಿ ಕುರ್ಚಿ. ನಡುವೆ ಒಬ್ಬನೇ ಒಬ್ಬ ತಲೆ ತಗ್ಗಿಸಿಕೊಂಡು ತಣ್ಣಗಾದ ಮುದ್ದೆ ಮುರಿಯುತ್ತಿದ್ದ.

ಸವಿತಾ ಮನೆಯಿಂದ ಹೊರಗೆ ಬಂದಳು. ಅಡಿಗೆಯವರು, ನೆಂಟರು, ಅಪ್ಪ, ಎಲ್ಲರೂ ನೋಡುತ್ತಿದ್ದಂತೆ ಖಾಲಿ ಕುರ್ಚಿಗಳ ಸಾಲು ಸಾಲನ್ನೇ ದಾಟಿ ಬಂದು ಅವನ ಹಿಂದೆ ನಿಂತಳು. ಕುರ್ಚಿಯ ಮೇಲೆ ಕೈ ಇಟ್ಟಳು.

ಬೋರೇಗೌಡರೇ ಕೇಳಿದರು: "ಅಷ್ಟೊಂದು ಕುರ್ಚಿ ಖಾಲಿ ಬಿದ್ದವೆ. ಅಲ್ಯಾಕವ್ವ ನಿಂತಿದ್ದೀಯ?"

"ನಂಗೆ ಇದೇ ಬೇಕು ಕಣಪ್ಪ" ಅಂದಳು.

ಅವರು ಮೀಸೆಗೆ ಕೈ ಒಯ್ದರು, ಮುಟ್ಟದೆ ಕೆಳಗಿಳಿಸಿದರು. ಮಗಳನ್ನು ನೋಡಿದರು, ಆ ಬಗ್ಗಿದ ತಲೆಯನ್ನು ನೋಡಿದರು. ಬಡಿಸುವ ಹುಡುಗರಿಗೆ ಕೂಗಿದರು: "ಲೇ, ಅವ್ನಿಗೆ ಬಿಸಿ ಮುದ್ದೆ ಇಕ್ರಲಾ." ಆಮೇಲೆ ಮಗಳ ಕಡೆ ತಿರುಗಿ, ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ, "ಒಸಿ ತಡಿಯವ್ವ. ಅವ್ನು ಇನ್ನೂ ಉಣ್ತಾವ್ನೆ" ಅಂದರು.

ನಾನು ಕಂಬದ ಮರೆಗೆ ಹೋಗಿ ಕಣ್ಣೊರೆಸಿಕೊಂಡೆ. ಗೊಜ್ಜಿನ ಖಾರ ಅಂತ ಯಾರಿಗೋ ಹೇಳಿದೆ. ಗೊಜ್ಜು ನನ್ನ ನಾಲಗೆಗೆ ಇನ್ನೂ ಸೋಕಿರಲಿಲ್ಲ.

ಇವತ್ತು, ಇದನ್ನು ಬರೆಯುತ್ತಿರುವಾಗಲೇ, ಕೆಂಪರಾಜುವಿನ ಫೋನು ಬಂತು. ಎದುರುಮನೆಯವರು ಅವರನ್ನೂ ಕರೆದಿದ್ದಾರೆ. "ಭಾವ, ನಾನೂ ಸವಿತಾನೂ ಬತ್ತಾ ಇದೀವಿ. ಬಿಡದಿ ಹತ್ರ ಟ್ರಾಫಿಕ್ಕಲ್ಲಿ ಸಿಕ್ಕಾಕಂಡಿದೀವಿ. ಎಲ್ಡು ಸೀಟ್ ಹಿಡ್ದಿರು."

ಪೆನ್ನು ಮುಚ್ಚಿ, ಅಂಗಿ ಹಾಕಿಕೊಂಡು ಹೋದೆ. ಕಾಲಿಡಲು ಜಾಗವಿಲ್ಲ. ನುಗ್ಗಿಕೊಂಡು ಹೋಗಿ ಜೋಡಿ ಕುರ್ಚಿಯಲ್ಲಿ ಕೂತಿದ್ದ ಗಂಡಹೆಂಡಿರ ಹಿಂದೆ ನಿಂತು, ಎರಡು ಕುರ್ಚಿಗೂ ಒಂದೊಂದು ಕೈ ಇಟ್ಟೆ. ಯಜಮಾನರು ಕತ್ತು ತಿರುಗಿಸಿ ನನ್ನನ್ನು ನೋಡಿ, ಗಾಬರಿಯಿಂದ ದೊಡ್ಡ ತುತ್ತು ಮಾಡಿದರು.

"ನಿಧಾನಕ್ಕೆ ಉಣ್ಣಿ ಗೌಡ್ರೇ," ಅಂದೆ. "ನಮ್ಮೋರು ಇನ್ನೂ ದಾರೀಲವ್ರೆ."